ದೃಷ್ಟಿದಾತ ಜೂಲ್ಸ್ ಗೋನಿನ್

ಇಂದ್ರಿಯಗಳಲ್ಲೆಲ್ಲ ಕಣ್ಣೇ ಪ್ರಧಾನವೆಂದು ನಮ್ಮ ಪೂರ್ವಿಕರು ಭಾವಿಸಿದ್ದರು. ಆದರೂ ಕಣ್ಣಿಗೆ ಬರುವ ರೋಗಗಳಲ್ಲಿ ಪೊರೆಯೊಂದನ್ನು ಬಿಟ್ಟರೆ ಮಿಕ್ಕವುಗಳ ಹೆಸರನ್ನು ಸಾಮಾನ್ಯ ಜನರು ಕೇಳಿರುವುದು ಅಪರೂಪ. ಪೊರೆಯು ಮೆಲ್ಲಮೆಲ್ಲನೆ ಬೆಳೆದು, ವರ್ಷಗಟ್ಟಲೆ ಕಾಲಾವಕಾಶ ಕೊಟ್ಟು, ಕಡೆಗೆ ಶಸ್ತ್ರವೈದ್ಯನ ಕೈಗೆ ಸಿಕ್ಕಿ ವಾಸಿಯಾಗುತ್ತದೆ. ನೋವಿಲ್ಲದೆ, ಕೆಂಪಿಲ್ಲದೆ, ನೀರು ಸುರಿಯದೆ, ಕೆಲವೇ ದಿನಗಳಲ್ಲಿ ದೃಷ್ಟಿಯನ್ನು ಅಪಹರಿಸುವ ಬೇರೊಂದು ರೋಗವುಂಟು. ಕಣ್ಣಿನ ಒಳಗೋಡೆಗೆ ಒತ್ತಿಕೊಂಡಿರುವ ಅಕ್ಷಿಪಟಲವು ಆ ಗೋಡೆಯನ್ನು ಬಿಟ್ಟು ಕಳಚಿಕೊಳ್ಳುವುದೇ ಆ ರೋಗ. ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳವರೆಗೆ ಇದು ತಗುಲಿದ ಕಣ್ಣು ಹೋದಂತೆಯೇ ಸರಿ ಎಂದು ಯೂರೋಪು ಅಮೆರಿಕಗಳ ಅತ್ಯುತ್ತಮ ನೇತ್ರವೈದ್ಯರೂ ಕೈಚೆಲ್ಲಿ ಕುಳಿತಿದ್ದರು. ಆ ತೀರ್ಪನ್ನು ತಿರುಗಿಸಿದವರು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ವೈದ್ಯರಾದ ಜೂಲ್ಸ್ ಗೋನಿನ್ನರು. ಅವರು ಕಾಲವಾದದ್ದು 1935ರಲ್ಲಿ. ಆದರೆ ಪೊರೆ ತೆಗೆಸಿಕೊಂಡು ಕೃತಕ ಮಸೂರವನ್ನು ಇರಿಸಿಕೊಂಡ ಹಿರಿಯರು ಮನೆಮನೆಯಲ್ಲಿಯೂ ಇರುವ ಈ ಕಾಲದಲ್ಲಿ ಅವರ ಜೀವಿತದ ಪಾಠವು ಅಂದಿಗಿಂತಲೂ ಹೆಚ್ಚು ಪ್ರಸ್ತುತವಾಗಿದೆ.

ರೋಗದ ಸ್ವರೂಪವನ್ನು ತಿಳಿಯದೆ ವೈದ್ಯನ ಹಿರಿಮೆಯನ್ನು ತಿಳಿಯಲಾಗದು. ಕಣ್ಣುಗುಡ್ಡೆಯ ಮುಂಭಾಗದಲ್ಲಿ, ಪಾಪೆಯ ಹಿಂದೆ, ಬೆಳಕನ್ನು ಕೂಡಿಸುವ ಮಸೂರವಿದೆ. ಅದರ ಹಿಂದಿನ ವಿಶಾಲವಾದ ಒಡಲನ್ನು ಲೋಳೆಯಂತಹ ತಿಳಿಯಾದ ದ್ರವ್ಯವು ತುಂಬಿದೆ. ಒಡಲಿನ ಒಳಮೈಗೆ ಹಾಸಿದಂತೆ ಇರುವ ಅತಿ ಸೂಕ್ಷ್ಮವಾದ ಪೊರೆಯೇ ಅಕ್ಷಿಪಟಲ. ಬಿದ್ದ ಬಿಂಬವನ್ನು ಗ್ರಹಿಸಿ ಮಿದುಳಿಗೆ ಮುಟ್ಟಿಸುವುದು ಅದರ ಕಾರ್ಯ. ಅದರ ಹೊರಪದರಗಳಿಗೆ ಪೋಷಣೆ ದೊರೆಯುವುದು ಹಿಂದಿನ ರಕ್ತನಾಳಗಳ ಹಾಸಿನಿಂದ. ಆ ಹಾಸನ್ನು ಬಿಟ್ಟು ಅಕ್ಷಿಪಟಲವು ಮುಂದಕ್ಕೆ ತೇಲಿತೆಂದರೆ ಬೇರು ಕಿತ್ತ ಗಿಡದಂತೆ ದಿನದಿನಕ್ಕೆ ಬಾಡತೊಡಗುತ್ತದೆ. ರೋಗಿಗೆ ಮೊದಲು ಕಣ್ಣಂಚಿನಲ್ಲಿ ಮಿಂಚು ಹೊಳೆದಂತಾಗುವುದು. ಮಸಿಯ ಹನಿಗಳು ಉದುರಿದಂತೆ ಕಪ್ಪು ಚುಕ್ಕೆಗಳು ತೇಲುವುವು. ಬಳಿಕ ಒಂದು ಕಡೆಯಿಂದ ಪರದೆಯನ್ನು ಎಳೆದಂತೆ ಕತ್ತಲು ಆವರಿಸುವುದು.

ಗೋನಿನ್ನರು 1870ನೆಯ ಇಸವಿ ಆಗಸ್ಟ್ 10ರಂದು ಲೋಸಾನಿನಲ್ಲಿ ಜನಿಸಿದರು. ವೈದ್ಯಶಾಸ್ತ್ರವನ್ನು ಅದೇ ಊರಿನಲ್ಲಿ ಅಭ್ಯಾಸಮಾಡಿದರು. ಜೀವಮಾನವೆಲ್ಲ ಅವರ ಕರ್ಮಭೂಮಿಯೂ ಅದೇ ಊರಾಯಿತು. ಆರಂಭದಲ್ಲಿ ಅವರ ಮನಸ್ಸು ರೋಗಗ್ರಸ್ತವಾದ ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಪರೀಕ್ಷಿಸುವ ಶಾಸ್ತ್ರದ ಕಡೆಗೆ ವಾಲಿತ್ತು. ಆಮೇಲೆ ಮಾರ್ಕ್ ಡ್ಯುಫೂರ್ ಎಂಬ ಪ್ರಸಿದ್ಧ ನೇತ್ರವೈದ್ಯರಲ್ಲಿ ಸಹಾಯಕರಾಗಿ ಸೇರಿದರು. ಡ್ಯುಫೂರರ ಆಸ್ಪತ್ರೆಯು ಅಂಧರ ಆಶ್ರಮವೊಂದರ ಅಂಗವಾಗಿ 1843ರಲ್ಲಿ ಸ್ಥಾಪನೆಯಾದದ್ದು. ದೃಷ್ಟಿಯನ್ನು ಉಳಿಸಲು ಯತ್ನಿಸುವ ಚಿಕಿತ್ಸಾಲಯವೂ, ದೃಷ್ಟಿಯನ್ನು ಕಳೆದುಕೊಂಡವರಿಗೆ ಆಸರೆಯನ್ನೀಯುವ ನೆಲೆಯೂ ಒಂದೇ ಸಂಸ್ಥೆಯ ಆಶ್ರಯದಲ್ಲಿದ್ದವು. ವೈದ್ಯನ ಸೋಲಿನ ಅರ್ಥವೇನೆಂಬುದು ಅಲ್ಲಿ ಕೆಲಸಮಾಡುವವನಿಗೆ ನಿತ್ಯವೂ ಕಾಣುವಂತಿತ್ತು.

ಆ ದಿನಗಳಲ್ಲಿ ಅಕ್ಷಿಪಟಲದ ಕಳಚುವಿಕೆಗೆ ನಡೆಯುತ್ತಿದ್ದ ಚಿಕಿತ್ಸೆಯನ್ನು ನೆನೆದರೆ ಮರುಕ ಹುಟ್ಟುತ್ತದೆ. ರೋಗಿಯ ಎರಡು ಕಣ್ಣುಗಳಿಗೂ ಬಟ್ಟೆ ಕಟ್ಟಿ, ವಾರಗಟ್ಟಲೆ ಅಲುಗಾಡದಂತೆ ಹಾಸಿಗೆಯಲ್ಲಿ ಮಲಗಿಸುತ್ತಿದ್ದರು. ಬೆವರಿಳಿಸುವ ಔಷಧಿಗಳನ್ನೂ, ಪಾದರಸದ ಲೇಪಗಳನ್ನೂ ಪ್ರಯೋಗಿಸುತ್ತಿದ್ದರು. ಕಳಚಿದ ಪಟಲದ ಹಿಂದೆ ಸೇರಿದ ನೀರನ್ನು ಸೂಜಿಯಿಂದ ಚುಚ್ಚಿ ಹೊರಗೆ ಬಿಟ್ಟರೆ ನಾಲ್ಕು ದಿನ ಗುಣ ಕಂಡಂತಾಗಿ ಮತ್ತೆ ನೀರು ಸೇರುತ್ತಿತ್ತು. ಪ್ರಾಣಿಗಳ ಕಣ್ಣಿನ ರಸವನ್ನು ಒಳಕ್ಕೆ ಹೊಗಿಸಿ ನೋಡಿದವರೂ ಇದ್ದರು. 1912ರಲ್ಲಿ ಅಮೆರಿಕದ ವೇಯ್ಲ್ ಎಂಬ ವೈದ್ಯರು ತಮ್ಮ ದೇಶದ ನೇತ್ರವೈದ್ಯರ ಅನುಭವವನ್ನು ವಿಚಾರಿಸಿ ನೋಡಿದಾಗ, ಸಾವಿರ ಕಣ್ಣುಗಳಲ್ಲಿ ಒಂದು ಗುಣವಾದರೆ ಹೆಚ್ಚು ಎಂಬ ಲೆಕ್ಕ ದೊರೆಯಿತು. ಚಿಕಿತ್ಸೆಯ ವಿಧಗಳು ಇಷ್ಟೊಂದಿದ್ದು ಗುಣವು ಇಷ್ಟು ಅಲ್ಪವಾಗಿರಲು ಕಾರಣ ಸ್ಪಷ್ಟವಾಗಿಯೇ ಇತ್ತು: ರೋಗದ ಮೂಲವೇನೆಂಬುದು ಯಾರಿಗೂ ನಿಶ್ಚಯವಾಗಿ ಗೊತ್ತಿರಲಿಲ್ಲ.

ಹೆಲ್ಮ್‌ಹೋಲ್ಟ್ಸರು 1851ರಲ್ಲಿ ನೇತ್ರದರ್ಶಕ ಯಂತ್ರವನ್ನು ನಿರ್ಮಿಸಿದ ಮೇಲೆ ಜೀವಂತ ಮನುಷ್ಯನ ಕಣ್ಣಿನ ಒಳಭಾಗವು ವೈದ್ಯರಿಗೆ ಗೋಚರವಾಗಿತ್ತು. ಕಳಚಿದ ಪಟಲದಲ್ಲಿ ಕೆಲವೊಮ್ಮೆ ಹರುಕು ಕಾಣುವುದನ್ನು ಹಲವರು ಬರೆದಿಟ್ಟಿದ್ದರು. ಆ ಹರುಕಿನ ಮೂಲಕವೇ ಕಣ್ಣಿನೊಳಗಿನ ದ್ರವವು ಪಟಲದ ಹಿಂದಕ್ಕೆ ನುಗ್ಗುವುದೆಂದು ಪ್ಯಾರಿಸಿನ ಡಿ ವೆಕರರೂ, ಜರ್ಮನಿಯ ಲೆಬರರೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸೂಚಿಸಿದ್ದರು. ಆದರೆ ಎಲ್ಲ ಕಣ್ಣುಗಳಲ್ಲಿಯೂ ಹರುಕು ಸಿಗದಿದ್ದುದರಿಂದ ವಿದ್ವಾಂಸರು ಆ ಮಾತಿನಲ್ಲಿ ನೆಲೆ ನಿಲ್ಲಲಿಲ್ಲ. ಹಿಂದಿನ ರಕ್ತನಾಳಗಳಿಂದ ನೀರು ಒಸರಿ ಪಟಲವನ್ನು ನೂಕುವುದೆಂದು ಕೆಲವರು, ಕಣ್ಣಿನ ಒತ್ತಡ ಕುಗ್ಗುವುದೇ ಕಾರಣವೆಂದು ಕೆಲವರು ವಾದಿಸಿದರು. ಹರುಕು ಕಂಡರೂ ಅದು ರೋಗದ ಫಲವೇ ಹೊರತು ಕಾರಣವಲ್ಲವೆಂದು ತಳ್ಳಿಹಾಕಿದವರು ಬಹುಮಂದಿ.

ಗೋನಿನ್ನರು ವಾದಕ್ಕೆ ಹೋಗಲಿಲ್ಲ, ನೋಡತೊಡಗಿದರು. ರೋಗಕ್ಕೆ ಬಲಿಯಾಗಿ ತೆಗೆದುಹಾಕಲ್ಪಟ್ಟ ಕಣ್ಣುಗಳನ್ನು ಪದರಪದರವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಜೀವಂತ ರೋಗಿಗಳ ಕಣ್ಣುಗಳನ್ನು ನೇತ್ರದರ್ಶಕದಿಂದ ದೀರ್ಘಕಾಲ ಅವಲೋಕಿಸಿ, ಕಂಡದ್ದನ್ನೆಲ್ಲ ಚಿತ್ರವಾಗಿ ಬರೆದಿಟ್ಟರು. ಅವರಿಗೆ ಕ್ರಮವಾಗಿ ಗೋಚರಿಸಿದ ಸತ್ಯವಿದು: ವಯಸ್ಸಿನಿಂದಲೋ ಸಮೀಪದೃಷ್ಟಿಯಿಂದಲೋ ಒಡಲಿನ ಲೋಳೆಯು ಸಡಿಲವಾಗಿ ಕುಗ್ಗಿದಾಗ, ಪಟಲಕ್ಕೆ ಅದು ಬಿಗಿಯಾಗಿ ಅಂಟಿಕೊಂಡಿರುವ ಎಡೆಯಲ್ಲಿ ಜಗ್ಗಿ ಹರಿಯುತ್ತದೆ, ಹರಿದ ರಂಧ್ರದ ಮೂಲಕ ನೀರು ಹಿಂದಕ್ಕೆ ಹರಿದು ಪಟಲವನ್ನು ಗೋಡೆಯಿಂದ ಎಬ್ಬಿಸುತ್ತದೆ. 1904ರಲ್ಲಿ ಅವರು ಈ ವಿಚಾರವನ್ನು ಲೇಖನರೂಪದಲ್ಲಿ ಪ್ರಕಟಿಸಿದರು. 1920ರಲ್ಲಿ ಫ್ರೆಂಚ್ ನೇತ್ರವೈದ್ಯ ಸಂಘದ ಮುಂದೆ ಸವಿಸ್ತಾರವಾದ ವರದಿಯನ್ನೊಪ್ಪಿಸಿದರು. ಅದೇ ವರ್ಷ ಲೋಸಾನ್ ವಿಶ್ವವಿದ್ಯಾನಿಲಯದಲ್ಲಿ ನೇತ್ರವೈದ್ಯಶಾಸ್ತ್ರದ ಪ್ರಾಧ್ಯಾಪಕ ಪದವಿಯೂ ಅವರಿಗೆ ಪ್ರಾಪ್ತವಾಯಿತು.

ಕಾರಣವು ರಂಧ್ರವಾದರೆ ರಂಧ್ರವನ್ನು ಮುಚ್ಚುವುದೇ ಚಿಕಿತ್ಸೆ ಎಂಬುದು ಅದರಿಂದ ಸಹಜವಾಗಿ ಹೊರಡುವ ನಿರ್ಣಯ. ಆದರೆ ಹೊರಗಿನಿಂದ ಕಾಣದ, ಕಣ್ಣಿನ ಒಳಮೈಯಲ್ಲಿ ಎಲ್ಲಿಯೋ ಅಡಗಿರುವ ರಂಧ್ರವನ್ನು ಹೊರಗಿನಿಂದ ಮುಚ್ಚುವುದು ಹೇಗೆ? ಗೋನಿನ್ನರು ಮೊದಲು ಅದರ ಸ್ಥಾನವನ್ನು ಅಳತೆಮಾಡಿ ಗುರುತಿಸುವ ಕ್ರಮವನ್ನು ಏರ್ಪಡಿಸಿದರು. ರಂಧ್ರವು ಗಡಿಯಾರದ ಮುಳ್ಳಿನ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಗೊತ್ತುಮಾಡಿ, ಅದು ಪಟಲದ ಮುಂದಿನ ಅಂಚಿನಿಂದ ಎಷ್ಟು ಹಿಂದಿದೆ ಎಂಬುದನ್ನು ಲೆಕ್ಕಹಾಕುತ್ತಿದ್ದರು. ಇದಕ್ಕೆ ಅವರು ಅಳತೆಗೋಲಾಗಿ ಹಿಡಿದದ್ದು ಕಣ್ಣಿನೊಳಗೇ ಕಾಣುವ ದೃಷ್ಟಿನರದ ಬಿಂಬವನ್ನು; ಅದರ ವ್ಯಾಸ ಸುಮಾರು 1.5 ಮಿಲಿಮೀಟರು. ಪಟಲದ ಅಂಚು ಕಪ್ಪುಗುಡ್ಡೆಯ ಅಂಚಿನಿಂದ ಸುಮಾರು 8 ಮಿಲಿಮೀಟರು ಹಿಂದಿರುವುದರಿಂದ, ಒಳಗಿನ ಅಳತೆಯನ್ನು ಕಣ್ಣಿನ ಹೊರಮೈಯ ಮೇಲೆ ಗುರುತಿಸಲು ಸಾಧ್ಯವಾಯಿತು. ಗುರುತಿಸಿದ ಸ್ಥಳದಲ್ಲಿ ಕಣ್ಣಿನ ಬಿಳಿಯ ಗೋಡೆಯನ್ನು ಸಣ್ಣಗೆ ಸೀಳಿ, ಹಿಂದೆ ನಿಂತ ನೀರನ್ನು ಹರಿಯಬಿಟ್ಟು, ಕಾಯಿಸಿದ ಮೊನೆಯನ್ನು ಎರಡು ಮೂರು ಕ್ಷಣ ಒಳಗಿಟ್ಟು ತೆಗೆಯುತ್ತಿದ್ದರು. ಸುಟ್ಟ ಗಾಯವು ಮಾಯುವಾಗ ಏಳುವ ಕಲೆಯು ರಂಧ್ರದ ಅಂಚನ್ನು ಗೋಡೆಗೆ ಬೆಸೆಯುತ್ತಿತ್ತು. ಸುಶ್ರುತಾದಿಗಳು ಅಗ್ನಿಕರ್ಮವೆಂದು ಕರೆದ, ನಮ್ಮ ಹಳ್ಳಿಗಳಲ್ಲಿ ಬರೆ ಹಾಕುವುದೆಂದು ಹೆಸರಾದ ಉಪಾಯವನ್ನು ಹೋಲುವ ಕ್ರಿಯೆಯು ಇಲ್ಲಿ ಕೂದಲೆಳೆಯಷ್ಟು ನಿಖರತೆಯಿಂದ ಕಣ್ಣಿನಲ್ಲಿ ನಡೆಯಿತು. 1919ರ ವೇಳೆಗೆ ಆರಂಭವಾದ ಈ ಶಸ್ತ್ರಕ್ರಿಯೆಯ ಫಲಿತಾಂಶಗಳನ್ನು ಅವರು ನಂತರದ ವರ್ಷಗಳಲ್ಲಿ ಒಂದೊಂದಾಗಿ ಪ್ರಕಟಪಡಿಸಿದರು.

ಲೋಕವು ಅದನ್ನು ಕೂಡಲೆ ಸ್ವಾಗತಿಸಲಿಲ್ಲ. ಸುಮಾರು ಹತ್ತು ವರ್ಷಗಳ ಕಾಲ ಗೋನಿನ್ನರು ಬಹುಮಟ್ಟಿಗೆ ಒಂಟಿಯಾಗಿಯೇ ನಿಲ್ಲಬೇಕಾಯಿತು. ಕೋಮಲವಾದ ಕಣ್ಣಿಗೆ ಕಾದ ಮೊನೆಯನ್ನು ಚುಚ್ಚುವುದು ಅನೇಕರಿಗೆ ಕ್ರೌರ್ಯವಾಗಿ ತೋರಿತು. ಮತ್ತೆ ಕೆಲವರು ಕಾಯಿಸುವುದನ್ನು ಮಾತ್ರ ಅನುಕರಿಸಿ, ರಂಧ್ರವನ್ನು ಹುಡುಕುವ ತಾಳ್ಮೆಯನ್ನು ಅನುಕರಿಸದೆ ಹೋದರು. ಫಲ ಸಿಗದಾಗ ತಪ್ಪನ್ನು ವಿಧಾನದ ಮೇಲೆ ಹೊರಿಸಿದರು. ಗೋನಿನ್ನರು ಹಠದಿಂದ ಹಿಡಿದ ಅಂಶವು ಇದೇ ಆಗಿತ್ತು. ರಂಧ್ರ ಕಾಣದಿದ್ದರೆ ಅದು ಇಲ್ಲವೆಂದು ತಿಳಿಯಬಾರದು, ಸಾಕಷ್ಟು ಹುಡುಕಲಿಲ್ಲವೆಂದು ತಿಳಿಯಬೇಕು. ಒಂದು ರಂಧ್ರ ಸಿಕ್ಕಿದೊಡನೆ ತೃಪ್ತಿಪಡದೆ ಇನ್ನೊಂದು ಇದೆಯೇ ಎಂದು ನೋಡಬೇಕು. ಕಳಚಿ ಬಹುಕಾಲವಾದ ಕಣ್ಣಿಗಿಂತ ಹೊಸದಾಗಿ ಕಳಚಿದ ಕಣ್ಣಿನಲ್ಲಿ ಗುಣದ ಆಸೆ ಹೆಚ್ಚಾದುದರಿಂದ ವಿಳಂಬ ಮಾಡಬಾರದು. ಅವರ ಬೋಧೆಯ ಸಾರವಿಷ್ಟು.

ಸಂಶಯಗ್ರಸ್ತರಲ್ಲಿ ಕೆಲವರು ಸ್ವತಃ ಲೋಸಾನಿಗೆ ಬಂದು ಕಣ್ಣಾರೆ ಕಂಡು ಮನಸ್ಸು ಬದಲಿಸಿದರು. ಬಾರ್ಸಿಲೋನದ ಅರ್ರೂಗ, ಉಟ್ರೆಕ್ಟಿನ ವೇವೆ ಮೊದಲಾದವರು ಆ ಪದ್ಧತಿಯ ಪ್ರಚಾರಕರಾದರು. ಶಿಷ್ಯರಾದ ಮಾರ್ಕ್ ಆಮ್ಸ್ಲರರು ಗುರುವಿನ ಕ್ರಮವನ್ನು ಶ್ರದ್ಧೆಯಿಂದ ಮುಂದುವರಿಸಿದರು. ಕಡೆಗೆ 1929ರಲ್ಲಿ ಆಂಸ್ಟರ್‌ಡಾಂ ನಗರದಲ್ಲಿ ಕೂಡಿದ ಅಂತರರಾಷ್ಟ್ರೀಯ ನೇತ್ರವೈದ್ಯ ಸಮ್ಮೇಳನದಲ್ಲಿ ಗೋನಿನ್ನರ ಸಿದ್ಧಾಂತಕ್ಕೆ ಸಂಪೂರ್ಣ ಮನ್ನಣೆ ದೊರೆಯಿತು. ಸಾವಿರಕ್ಕೆ ಒಂದಾಗಿದ್ದ ಗುಣದ ಪ್ರಮಾಣವು ಅವರ ಕೈಯಲ್ಲಿ ಅರ್ಧಕ್ಕೆ ಸಮೀಪವಾಗಿತ್ತು. ತಮ್ಮ ಅನುಭವದ ಸಾರವನ್ನೆಲ್ಲ ಬೃಹದ್ಗ್ರಂಥವಾಗಿ ಅವರು 1934ರಲ್ಲಿ ಪ್ರಕಟಿಸಿದರು. ಮರುವರ್ಷ ಜೂನ್ 10ರಂದು, ಅರುವತ್ತನಾಲ್ಕನೆಯ ವಯಸ್ಸಿನಲ್ಲಿ, ಲೋಸಾನಿನಲ್ಲಿಯೇ ದೇಹವನ್ನು ಬಿಟ್ಟರು. ಅವರು ದುಡಿದ ಆಸ್ಪತ್ರೆಯು ಇಂದು ಅವರ ಹೆಸರನ್ನು ಹೊತ್ತಿದೆ. ನೇತ್ರವೈದ್ಯರಿಗೆ ದೊರೆಯಬಹುದಾದ ಅತ್ಯುನ್ನತ ಗೌರವಗಳಲ್ಲಿ ಅವರ ಹೆಸರಿನ ಪದಕವೂ ಒಂದು. 1971ರಲ್ಲಿ ಸ್ವಿಟ್ಜರ್ಲೆಂಡಿನ ಸರ್ಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಗೋನಿನ್ನರ ಕಾಲದಲ್ಲಿ ಪೊರೆ ಬಂದ ಮಸೂರವನ್ನು ತೆಗೆದ ಬಳಿಕ ಅದರ ಸ್ಥಾನವು ಬರಿದಾಗಿಯೇ ಉಳಿಯುತ್ತಿತ್ತು. ರೋಗಿಯು ದಪ್ಪ ಗಾಜಿನ ಕನ್ನಡಕವನ್ನು ಧರಿಸಿ ಬಾಳಬೇಕಾಗಿತ್ತು. ಇಂತಹ ಕಣ್ಣುಗಳಲ್ಲಿ ಅಕ್ಷಿಪಟಲ ಕಳಚುವ ಅಪಾಯ ಹೆಚ್ಚೆಂಬುದು ಆಗಲೇ ವೈದ್ಯರ ಅರಿವಿಗೆ ಬಂದಿತ್ತು. ತೀವ್ರವಾದ ಸಮೀಪದೃಷ್ಟಿಯುಳ್ಳವರ ಪೊರೆಯಿಲ್ಲದ ಮಸೂರವನ್ನೇ ತೆಗೆದುಹಾಕುವ ಶಸ್ತ್ರಕ್ರಿಯೆಯನ್ನು ಆಸ್ಟ್ರಿಯದ ಫುಕಾಲರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ತಂದಿದ್ದರು. ಆ ಪದ್ಧತಿಯು ಹಿಂದೆ ಸರಿದುದಕ್ಕೆ ಮುಖ್ಯ ಕಾರಣಗಳಲ್ಲಿ ಪಟಲದ ಕಳಚುವಿಕೆಯೂ ಒಂದು. ಮಸೂರವು ಬೆಳಕನ್ನು ಕೂಡಿಸುವುದಲ್ಲದೆ, ತನ್ನ ಹಿಂದಿನ ಲೋಳೆಗೆ ಒಂದು ತಡೆಗೋಡೆಯಾಗಿಯೂ ಇರುತ್ತದೆ. ತಡೆ ಹೋದಾಗ ಲೋಳೆಯು ಮುಂದಕ್ಕೆ ಸರಿಯುತ್ತದೆ, ಬೇಗನೆ ಕುಗ್ಗುತ್ತದೆ, ಪಟಲವನ್ನು ಜಗ್ಗುತ್ತದೆ. ಗೋನಿನ್ನರು ತೋರಿಸಿದ ಜಗ್ಗಾಟವೇ ಇಲ್ಲಿಯೂ ಮೂಲ.

ಬರಿದಾದ ಆ ಸ್ಥಾನವನ್ನು ತುಂಬಿದವರು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲೆಯವರು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಪಾರದರ್ಶಕ ಹೊದಿಕೆಯ ಚೂರುಗಳು ಚಾಲಕರ ಕಣ್ಣಿಗೆ ಹೊಕ್ಕರೂ ಕಣ್ಣು ಅವುಗಳನ್ನು ಸಹಿಸಿಕೊಂಡುದನ್ನು ಗಮನಿಸಿ, ಅದೇ ಬಗೆಯ ದ್ರವ್ಯದಿಂದ ಮಸೂರವನ್ನು ಮಾಡಿಸಿ, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಕಣ್ಣಿನಲ್ಲಿರಿಸಿದರು. ಅವರೂ ಗೋನಿನ್ನರಂತೆ ದೀರ್ಘಕಾಲದ ವಿರೋಧವನ್ನು ಎದುರಿಸಿದರು. ಇಂದು ಪೊರೆಯ ಶಸ್ತ್ರಕ್ರಿಯೆಯೆಂದರೆ ಕೃತಕ ಮಸೂರವನ್ನು ಇರಿಸುವುದೆಂದೇ ಅರ್ಥವಾಗಿದೆ. ಮಸೂರದ ಹಿಂದಿನ ತೆಳುವಾದ ಚೀಲವನ್ನು ಈಗ ಹರಿಯದೆ ಉಳಿಸುವುದರಿಂದ ಲೋಳೆಯು ಬಹುಮಟ್ಟಿಗೆ ಸ್ವಸ್ಥಾನದಲ್ಲಿರುತ್ತದೆ. ಅಪಾಯವು ಹಿಂದಿನ ಕಾಲಕ್ಕಿಂತ ಬಹಳ ಕಡಿಮೆಯಾಗಿದೆ.

ಆದರೂ ಅಪಾಯವು ನಿಶ್ಶೇಷವಾಗಿಲ್ಲ. ಸಾಮಾನ್ಯ ಜನರಲ್ಲಿ ಹತ್ತು ಸಾವಿರಕ್ಕೆ ವರ್ಷಕ್ಕೆ ಸುಮಾರು ಒಬ್ಬರಿಗೆ ಬರುವ ಈ ರೋಗವು, ಪೊರೆ ತೆಗೆಸಿಕೊಂಡವರಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಅಂಥವರಲ್ಲಿ ಮುಂದಿನ ಕೆಲವು ವರ್ಷಗಳೊಳಗೆ ನೂರಕ್ಕೆ ಒಬ್ಬರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ ಮಂದಿ ಇದಕ್ಕೆ ತುತ್ತಾಗುತ್ತಾರೆ. ಗಂಡಸರಿಗೆ, ವಯಸ್ಸಿನಲ್ಲಿ ಕಿರಿಯರಾದವರಿಗೆ, ಸಮೀಪದೃಷ್ಟಿಯುಳ್ಳವರಿಗೆ, ಇನ್ನೊಂದು ಕಣ್ಣಿನಲ್ಲಿ ಈಗಾಗಲೇ ಪಟಲ ಕಳಚಿದವರಿಗೆ, ಶಸ್ತ್ರಕ್ರಿಯೆಯ ವೇಳೆ ಹಿಂದಿನ ಚೀಲ ಹರಿದು ಲೋಳೆ ಹೊರಬಂದವರಿಗೆ ಅಪಾಯ ಹೆಚ್ಚು. ಶಸ್ತ್ರಕ್ರಿಯೆಯಾಗಿ ತಿಂಗಳುಗಳು ಕಳೆದವು, ಇನ್ನು ಭಯವಿಲ್ಲವೆಂದು ಹೇಳುವಂತಿಲ್ಲ. ವರ್ಷಗಳ ಮೇಲೆಯೂ ಅದು ಬರಬಹುದು.

ಸಹಜ ಮಸೂರದ ಕಣ್ಣಿಗೂ ಕೃತಕ ಮಸೂರದ ಕಣ್ಣಿಗೂ ಈ ರೋಗದಲ್ಲಿರುವ ಭೇದವು ಗಮನಾರ್ಹವಾದದ್ದು. ಸಹಜ ಮಸೂರದ ಕಣ್ಣಿನಲ್ಲಿ ಹರುಕು ಸಾಮಾನ್ಯವಾಗಿ ದೊಡ್ಡದು, ಕುದುರೆಯ ಲಾಳದಂತೆ ಬಾಗಿದ್ದು, ಹುಡುಕಿದರೆ ಸಿಗುವಂಥದ್ದು. ಕೃತಕ ಮಸೂರದ ಕಣ್ಣಿನಲ್ಲಿ ರಂಧ್ರಗಳು ಅತಿ ಸಣ್ಣವು, ಹಲವು ಬಾರಿ ಒಂದಕ್ಕಿಂತ ಹೆಚ್ಚು, ಪಟಲದ ಮುಂದಿನ ಅಂಚಿನ ಬಳಿ ಅಡಗಿರುವಂಥವು. ಪಾಪೆ ಸಾಕಷ್ಟು ಅರಳದಿರುವುದು, ಉಳಿದ ಚೀಲ ಮಸುಕಾಗಿರುವುದು, ಮಸೂರದ ಅಂಚಿನಲ್ಲಿ ಬೆಳಕು ಪ್ರತಿಫಲಿಸುವುದು ಇವೆಲ್ಲವೂ ವೈದ್ಯನ ನೋಟಕ್ಕೆ ಅಡ್ಡಿಯಾಗುವುವು. ನುರಿತವರಿಗೂ ಕೆಲವೊಮ್ಮೆ ರಂಧ್ರವೇ ಸಿಗುವುದಿಲ್ಲ. ಇಲ್ಲವೆಂದು ತಿಳಿಯದೆ ಹುಡುಕಿರಿ ಎಂಬ ಗೋನಿನ್ನರ ಬೋಧೆಯು ಇಂತಹ ಕಣ್ಣಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಚಿಕಿತ್ಸೆಯಲ್ಲಿಯೂ ಈ ಭೇದವು ಫಲಿಸಿದೆ. ಗೋನಿನ್ನರ ಕಾದ ಮೊನೆಯ ಸ್ಥಾನವನ್ನು ಮುಂದೆ ವಿದ್ಯುತ್ತಿನ ಶಾಖವೂ, ಅತಿಶೈತ್ಯವೂ, ಲೇಸರ್ ಕಿರಣವೂ ಆಕ್ರಮಿಸಿದವು. ಕಣ್ಣಿನ ಗೋಡೆಯನ್ನು ಹೊರಗಿನಿಂದ ಒಳಕ್ಕೆ ಒತ್ತಿ ರಂಧ್ರಕ್ಕೆ ಆನಿಸುವ ಪದ್ಧತಿಯನ್ನು 1949ರಿಂದ ಜರ್ಮನಿಯ ಕುಸ್ಟೋಡಿಸರೂ, ಬಳಿಕ ಅಮೆರಿಕದಲ್ಲಿ ನೆಲಸಿದ ಶೆಪೆನ್ಸರೂ ಬೆಳೆಸಿದರು. ಕಣ್ಣಿನೊಳಗೆ ಸೂಕ್ಷ್ಮವಾದ ಉಪಕರಣಗಳನ್ನು ಹೊಗಿಸಿ ಜಗ್ಗುವ ಲೋಳೆಯನ್ನೇ ಕತ್ತರಿಸಿ ತೆಗೆಯುವ ಕ್ರಮವನ್ನು 1970ರ ವೇಳೆಗೆ ಮಾಹೆಮರರು ಸಾಧಿಸಿದರು. ಈ ಎರಡು ಮಾರ್ಗಗಳನ್ನು ಹೋಲಿಸಿ 2007ರಲ್ಲಿ ಪ್ರಕಟವಾದ ಯೂರೋಪಿನ ವಿಸ್ತಾರವಾದ ಅಧ್ಯಯನವು, ಸಹಜ ಮಸೂರವುಳ್ಳ ಕಣ್ಣುಗಳಲ್ಲಿ ಹೊರಗಿನಿಂದ ಒತ್ತುವ ಪದ್ಧತಿಯಿಂದ ಹೆಚ್ಚು ಉತ್ತಮವಾದ ನೋಟ ಉಳಿಯುವುದೆಂದೂ, ಕೃತಕ ಮಸೂರದ ಕಣ್ಣುಗಳಲ್ಲಿ ಲೋಳೆಯನ್ನು ತೆಗೆಯುವ ಪದ್ಧತಿಯಿಂದ ಪಟಲವು ಹೆಚ್ಚು ಚೆನ್ನಾಗಿ ಕೂಡಿಕೊಳ್ಳುವುದೆಂದೂ ತೋರಿಸಿತು. ಲೋಳೆಯನ್ನು ತೆಗೆದಾಗ ಸಹಜ ಮಸೂರದಲ್ಲಿ ಬೇಗನೆ ಪೊರೆ ಬೆಳೆಯುವುದು; ಕೃತಕ ಮಸೂರಕ್ಕೆ ಆ ಭಯವಿಲ್ಲ. ಆದುದರಿಂದ ಈಗ ಕಣ್ಣಿಗೆ ತಕ್ಕ ಚಿಕಿತ್ಸೆಯನ್ನು ಆಯ್ದುಕೊಳ್ಳುತ್ತಾರೆ. ಹತ್ತು ಕಣ್ಣುಗಳಲ್ಲಿ ಎಂಟೊಂಬತ್ತು ಮೊದಲ ಶಸ್ತ್ರಕ್ರಿಯೆಯಲ್ಲಿಯೇ ಕೂಡಿಕೊಳ್ಳುತ್ತವೆ. ವಿಧಾನಗಳು ಎಷ್ಟು ಬದಲಾದರೂ, ರಂಧ್ರವನ್ನು ಕಂಡುಹಿಡಿದು ಮುಚ್ಚಬೇಕೆಂಬ ತತ್ತ್ವ ಮಾತ್ರ ಬದಲಾಗಿಲ್ಲ.

ನಮ್ಮ ನಾಡಿನಲ್ಲಿ ಪಟ್ಟಣಗಳ ಆಸ್ಪತ್ರೆಗಳಲ್ಲಿಯೂ ಹಳ್ಳಿಗಳ ಶಿಬಿರಗಳಲ್ಲಿಯೂ ಪೊರೆ ತೆಗೆಸಿಕೊಂಡ ಹಿರಿಯರು ಅಸಂಖ್ಯಾತರಿದ್ದಾರೆ. ಹೊಸ ದೃಷ್ಟಿ ಬಂದ ಸಂತೋಷದಲ್ಲಿ ಅವರಾಗಲಿ, ಮನೆಯವರಾಗಲಿ ಮುಂದಿನ ಎಚ್ಚರಿಕೆಯನ್ನು ಮರೆಯುವುದು ಸಹಜ. ಮಿಂಚು ಹೊಳೆದಂತಾದರೆ, ಚುಕ್ಕೆಗಳು ಒಮ್ಮೆಗೇ ಹೆಚ್ಚಿದರೆ, ಬದಿಯಲ್ಲಿ ನೆರಳು ಕವಿದರೆ ಅದನ್ನು ವಯೋಧರ್ಮವೆಂದು ತಳ್ಳಿಹಾಕದೆ, ಹಬ್ಬ ಮುಗಿಯಲಿ, ಸಂತೆ ಕಳೆಯಲಿ ಎಂದು ಮುಂದೂಡದೆ, ಅಂದೇ ನೇತ್ರವೈದ್ಯರ ಬಳಿಗೆ ಹೋಗಿ ಪಾಪೆಯನ್ನು ಅರಳಿಸಿ ಪರೀಕ್ಷೆ ಮಾಡಿಸಬೇಕು. ರಂಧ್ರವು ಹುಟ್ಟಿ ಪಟಲವು ಇನ್ನೂ ಕಳಚದಿದ್ದರೆ ಲೇಸರ್ ಕಿರಣದಿಂದ ಅದನ್ನು ಬಂಧಿಸುವುದು ಕೆಲವು ನಿಮಿಷಗಳ ಕೆಲಸ. ಕಳಚಿದ್ದರೂ ನೋಟದ ಮಧ್ಯಬಿಂದುವನ್ನು ಮುಟ್ಟುವ ಮುನ್ನ ಚಿಕಿತ್ಸೆ ದೊರೆತರೆ ಓದುವ, ಮುಖ ಗುರುತಿಸುವ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತದೆ. ಅದನ್ನು ದಾಟಿದ ಮೇಲೆ ಪಟಲವು ಕೂಡಿಕೊಂಡರೂ ಹೋದ ನೋಟವೆಲ್ಲ ಮರಳುವುದೆಂದು ಹೇಳಲಾಗದು.

ಗೋನಿನ್ನರು ತಮ್ಮ ಊರನ್ನು ಬಿಟ್ಟು ದೂರ ಹೋಗಲಿಲ್ಲ, ವಾದವಿವಾದಗಳಲ್ಲಿ ಗದ್ದಲವೆಬ್ಬಿಸಲಿಲ್ಲ. ಅಸಾಧ್ಯವೆಂದು ಇಡೀ ವೈದ್ಯಲೋಕವು ಮುದ್ರೆಯೊತ್ತಿದ ರೋಗದ ಮುಂದೆ ಕುಳಿತು, ಕಾಣುವವರೆಗೆ ನೋಡುತ್ತಿದ್ದರು. ಅವರು ಅಂದು ಕಂಡ ರಂಧ್ರವನ್ನು ವೈದ್ಯರು ಇಂದಿಗೂ ಹುಡುಕುತ್ತಿದ್ದಾರೆ. ಅವರ ಮುಂದೆ ಸಕಾಲದಲ್ಲಿ ಹೋಗಿ ಕುಳಿತುಕೊಳ್ಳುವ ಹೊಣೆಯು ಮಾತ್ರ ನಮ್ಮದು.